ಬಿಯೆನೆಮೆ ಅನ್ನೋ ಅಡ್ಡಹೆಸರು, ಮತ್ತೆ ಹೆಸರುಗಳು ಅಳಿಯೋ ಲೆಕ್ಕ

ನಮ್ಮಜ್ಜಿ ಇರೋವರ್ಗೂ ಒಂದು ಮಾತು ಹೇಳ್ತಾನೇ ಇದ್ರು, "ಮನೆ ಹೆಸ್ರು ಹೇಳಕ್ಕೆ ಒಂದು ಗಂಡು ಬೇಡ್ವೇನೋ" ಅಂತ. ನನಗೆ ಇಬ್ರೂ ಹೆಣ್ಣುಮಕ್ಕಳು, ತಮ್ಮಂದಿರು ಯಾರೂ ಇಲ್ಲ, ಚಿಕ್ಕಪ್ಪನಿಗೆ ಮಕ್ಕಳಿಲ್ಲ. ಅಜ್ಜಿ ಮೇಲೆ ನನಗೆ ಕೋಪ ಏನಿಲ್ಲ, ಅವರ ಕಾಲದಲ್ಲಿ ಹೆಸರು ಅನ್ನೋದು ಗಂಡುಮಕ್ಕಳ ದಾರೀಲೇ ಹೋಗ್ತಿತ್ತು, ಬೇರೆ ದಾರಿ ಅವರು ನೋಡೇ ಇರ್ಲಿಲ್ಲ. ಆದ್ರೆ ಆ ಮಾತು ಎಲ್ಲೋ ಒಳಗೆ ಕೂತಿತ್ತು. ಅದಕ್ಕೇ ಇರ್ಬೇಕು, 1845ರಲ್ಲೇ ಪ್ಯಾರಿಸ್‌ನಲ್ಲಿ ಒಬ್ರು ಅಜ್ಜಿಯ ಪ್ರಶ್ನೆನೇ ಲೆಕ್ಕವಾಗಿ ಬಿಡಿಸಿದ್ರು ಅಂತ ಗೊತ್ತಾದ ದಿನ ನನಗೆ ಮೈ ಜುಮ್ಮಂದಿದ್ದು. ಆಮೇಲೆ ಆ ಮನುಷ್ಯನ ಅಡ್ಡಹೆಸರು ನೋಡಿದ್ರೆ, ಅದೇ ಒಂದು ಅಪರೂಪದ ಹೆಸರು.

ನಾನು ಡಿಗ್ರಿ ಕಾಲೇಜಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡ್ತೀನಿ. ಚೆಬಿಶೆವ್ ಇನ್‌ಈಕ್ವಾಲಿಟಿ ಅಂತ ಒಂದು ಪಾಠ ಬರುತ್ತೆ, ಅಂಕಿಗಳು ಸರಾಸರಿಯಿಂದ ತುಂಬಾ ದೂರ ಹೋಗೋ ಸಾಧ್ಯತೆ ಇಷ್ಟಕ್ಕಿಂತ ಜಾಸ್ತಿ ಇರಲ್ಲ ಅಂತ ಹೇಳೋ ಸೂತ್ರ, ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೆಲ್ಲ ಗೊತ್ತಿರುತ್ತೆ. ಕೆಲವು ಪುಸ್ತಕದಲ್ಲಿ ಅದರ ಮುಂದೆ ಇನ್ನೊಂದು ಹೆಸರು ಸೇರಿಸಿರ್ತಾರೆ, ಬಿಯೆನೆಮೆ-ಚೆಬಿಶೆವ್ ಅಂತ. ಎಷ್ಟೋ ವರ್ಷ ಬೋರ್ಡ್ ಮೇಲೆ ಎರಡನೇ ಹೆಸರು ಮಾತ್ರ ಬರ್ದಿದೀನಿ. ಒಂದು ದಿನ ಒಬ್ಬ ಹುಡುಗಿ ಎದ್ದು "ಸಾರ್, ಮೊದಲನೇ ಹೆಸರು ಯಾರದು, ಅದನ್ನ ಹೆಂಗೆ ಓದೋದು" ಅಂದ್ಳು. ಓದೋದು ಹೆಂಗೆ ಅಂತ ಸಹ ನನಗೆ ಆವತ್ತು ಗೊತ್ತಿರ್ಲಿಲ್ಲ. ಮನೆಗೆ ಬಂದು ಹುಡುಕ್ತಾ ಕೂತವನು ಇವತ್ತಿಗೂ ಅದರಿಂದ ಎದ್ದಿಲ್ಲ.

ಇರೆನೆ-ಜೂಲ್ ಬಿಯೆನೆಮೆ. ಹುಟ್ಟಿದ್ದು ಪ್ಯಾರಿಸ್‌ನಲ್ಲಿ 1796ರಲ್ಲಿ, ತೀರಿಕೊಂಡಿದ್ದು 1878ರಲ್ಲಿ. ಪ್ರೊಫೆಸರ್ ಅಲ್ಲ, ಫ್ರಾನ್ಸಿನ ಹಣಕಾಸು ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು, ಸರ್ಕಾರಿ ನೌಕರಿ ಮಾಡ್ತಾನೇ ಗಣಿತ ಮಾಡಿದವರು, 1848ರ ಕ್ರಾಂತಿಲಿ ಆ ಕೆಲಸ ಹೋಗಿ ಮತ್ತೆ ಸಿಕ್ತು. ಹೆಸರಿನ ಅರ್ಥ ಬಹಳ ಸುಲಭ, ಬಿಯೆನ್ ಅಂದ್ರೆ ಚೆನ್ನಾಗಿ, ಎಮೆ ಅಂದ್ರೆ ಪ್ರೀತಿಸಲ್ಪಟ್ಟವನು. ತುಂಬಾ ಪ್ರೀತಿಯವನು, ಎಲ್ಲರ ಅಚ್ಚುಮೆಚ್ಚಿನವನು ಅಂತ. ನಮ್ಮಲ್ಲಿ ಮುದ್ದಪ್ಪ, ಮುದ್ದಮ್ಮ ಅಂತ ಇಡ್ತಾರಲ್ಲ, ಹೆಚ್ಚುಕಡಿಮೆ ಅದೇ ಭಾವ.

ಫ್ರೆಂಚ್ ಅಡ್ಡಹೆಸರುಗಳು ಹುಟ್ಟಿದ್ದು ಸುಮಾರು 11, 12ನೇ ಶತಮಾನದಿಂದ ಈಚೆಗೆ. ಅದಕ್ಕೆ ಮುಂಚೆ ಚರ್ಚಲ್ಲಿ ಇಟ್ಟ ಒಂದೇ ಹೆಸರು. ಊರು ಬೆಳೆದು ಒಂದೇ ಬೀದೀಲಿ ನಾಲ್ಕು ಜನ ಜಾನ್, ಅಂದ್ರೆ ಅವರ ಬಾಯಲ್ಲಿ ಝಾಂ, ಇದ್ದಾಗ ಯಾವ ಝಾಂ ಅಂತ ಹೇಳಕ್ಕೆ ಇನ್ನೊಂದು ಗುರುತು ಬೇಕಾಯ್ತು. ಕೆಲವರಿಗೆ ಅಪ್ಪನ ಹೆಸರು ಅಂಟಿಕೊಳ್ತು (ಮಾರ್ತಾಂ, ಬೆರ್ನಾರ್, ತೊಮಾ), ಕೆಲವರಿಗೆ ಇದ್ದ ಜಾಗ (ದುಪೋಂ ಅಂದ್ರೆ ಸೇತುವೆ ಹತ್ರದವನು, ದುಬ್ವಾ ಅಂದ್ರೆ ಕಾಡಿನ ಕಡೆಯವನು), ಕೆಲವರಿಗೆ ಕಸುಬು, ಇನ್ನು ಕೆಲವರಿಗೆ ಊರವರು ಕರೆದ ಹೆಸರು, ಗಿಡ್ಡ, ಕೆಂಪು ಕೂದಲಿನವನು, ಚಪ್ಪಟೆ ಮೂಗಿನವನು ಹೀಗೆ. ಉತ್ತರ ಕರ್ನಾಟಕದ ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ, ಬಡಿಗೇರ, ಕಂಬಾರ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಲ್ಲ ಅವರ ಪಕ್ಕದ ಮನೆಯವರೇ. ಅಂದಹಾಗೆ ಶ್ರೀರಂಗಪಟ್ಟಣ, ಗಂಜಾಂ ಕಡೆ ಬಹಳ ವರ್ಷ ಇದ್ದ, ಜನ ದೊಡ್ಡಸ್ವಾಮಿಯವರು ಅಂತ ಕರೀತಿದ್ದ ಪಾದ್ರಿ ಅಬ್ಬೆ ದುಬ್ವಾ ಅವರದ್ದು ಈ ಕಾಡಿನ ಹೆಸರೇ, ಫ್ರಾನ್ಸಿನಲ್ಲಿ ಅದು ತೀರಾ ಸಾಮಾನ್ಯವಾದ ಹೆಸರುಗಳಲ್ಲಿ ಒಂದು.

ಬಿಯೆನೆಮೆ ಈ ಕೊನೇ ಗುಂಪಿಗೆ ಸೇರಿದ್ದು, ಕರೆಯೋ ಹೆಸರು. ಅದೇ ಪದವನ್ನ ಮಗುಗೆ ಚರ್ಚಲ್ಲಿ ಇಡೋ ಹೆಸರಾಗೂ ಬಳಸ್ತಿದ್ರು, ಬಿಯೆನ್‌ವೆನ್ಯೂ (ಸುಸ್ವಾಗತ), ದಿಯುದೊನೆ (ದೇವರು ಕೊಟ್ಟವನು), ದೆಸಿರೆ (ಬಯಸಿ ಬಯಸಿ ಪಡೆದವನು) ಇವೆಲ್ಲ ಅದರ ಅಣ್ಣತಮ್ಮಂದಿರ ಥರ. ಬಹಳ ದಿನ ಕಾದು ಹುಟ್ಟಿದ ಮಗು, ಹಿಂದಿನ ಮಕ್ಕಳು ಉಳೀದೇ ಆಮೇಲೆ ಉಳಿದ ಮಗು, ಅಂಥವಕ್ಕೆ ಇಂಥ ಹೆಸರು ಇಟ್ಟ ಮನೆಗಳನ್ನ ನಾನು ಕಣ್ಣಮುಂದೆ ತಂದುಕೊಳ್ಳಬಲ್ಲೆ, ನಮ್ಮೂರಲ್ಲೂ ಅಂಥ ಮನೆ ಇದ್ವು.

ಈಗ ಸ್ಪೆಲ್ಲಿಂಗ್ ವಿಷಯ, ನನಗೆ ಬಹಳ ಇಷ್ಟವಾದ ಭಾಗ ಇದು. ಫ್ರೆಂಚಲ್ಲಿ ಈ ಪದ ಬರೆಯೋ ಸರಿಯಾದ ರೀತೀಲಿ ನಡುವೆ ಐ ಅಕ್ಷರ ಬರುತ್ತೆ. ನಮ್ಮ ಗಣಿತಜ್ಞರ ಹೆಸರಲ್ಲಿ ಆ ಜಾಗದಲ್ಲಿ ವೈ ಇದೆ. ಉಚ್ಚಾರ ಒಂದೇ. ಹಳೇ ಕಾಲದ ಬರವಣಿಗೆಯವರು ಐ ಬದಲು ವೈ ಹಾಕೋದು ಮಾಮೂಲಿ ಅಭ್ಯಾಸ, ಸಣ್ಣ ಗೀಟಿನ ಐ ಅಕ್ಷರ ಪಕ್ಕದ ಅಕ್ಷರದ ಜೊತೆ ಸೇರಿ ಕಾಣದೇ ಹೋಗ್ತಿತ್ತು, ಬಾಲ ಇರೋ ವೈ ಎದ್ದು ಕಾಣ್ತಿತ್ತು. ಅಂದ್ರೆ ಯಾವುದೋ ಪಾದ್ರಿ, ಯಾವುದೋ ಗುಮಾಸ್ತ, ಯಾವುದೋ ಒಂದು ದಿನ ಪೆನ್ನು ತಿರುಗಿಸಿದ ರೀತಿ ಒಂದು ಹೊಸ ಅಡ್ಡಹೆಸರು ಹುಟ್ಟಿಸಿಬಿಡ್ತು.

ಆಗ ಅದು ಹೆಸರು ಅಂತ ಗಟ್ಟಿಯಾಗಿರ್ಲಿಲ್ಲ, ಯಾಕಂದ್ರೆ ಅಣ್ಣನ ಮದುವೆ ದಾಖಲೆಯಲ್ಲಿ ಒಂದು ಥರ, ತಮ್ಮನ ದಾಖಲೆಯಲ್ಲಿ ಇನ್ನೊಂದು ಥರ ಬರೀತಿದ್ರು. 1539ರಲ್ಲಿ ದೊರೆ ಒಂದನೇ ಫ್ರಾನ್ಸ್ವಾ ವಿಲ್ಲೆರ್-ಕೊತ್ರೆ ಅನ್ನೋ ಊರಲ್ಲಿ ಒಂದು ಆಜ್ಞೆ ಹೊರಡಿಸಿದ, ಚರ್ಚುಗಳು ಹುಟ್ಟಿದ ಮಕ್ಕಳ ಹೆಸರು ರಿಜಿಸ್ಟರ್‌ನಲ್ಲಿ ಬರೀಬೇಕು ಅಂತ. 1667ರಿಂದ ಎರಡೆರಡು ಪ್ರತಿ ಇಡ್ಬೇಕು ಅಂತ ಆಯ್ತು. ಕ್ರಾಂತಿ ಬಂದ್ಮೇಲೆ 1792ರಲ್ಲಿ ರಿಜಿಸ್ಟರ್ ಚರ್ಚಿನ ಕೈಯಿಂದ ಮುನಿಸಿಪಾಲಿಟಿ ಕೈಗೆ ಬಂತು. ಆಮೇಲೆ 1794ರ ಆಗಸ್ಟ್ 23ರ ಕಾನೂನು, ಹುಟ್ಟಿನ ದಾಖಲೆಯಲ್ಲಿ ಇರೋ ಹೆಸರು ಬಿಟ್ಟು ಬೇರೆ ಯಾವ ಹೆಸರನ್ನೂ ಯಾವ ಪ್ರಜೆಯೂ ಇಟ್ಕೊಳ್ಳೋ ಹಾಗಿಲ್ಲ ಅಂತ. ಅಲ್ಲಿಗೆ ಬೀಗ ಬಿತ್ತು. ಆವತ್ತು ನಿಮ್ಮ ದಾಖಲೆಯಲ್ಲಿ ವೈ ಇದ್ರೆ ಮುಂದೆ ನಿಮ್ಮ ಮೊಮ್ಮಕ್ಕಳಿಗೂ ವೈ. ಬಿಯೆನೆಮೆ ಹುಟ್ಟಿದ್ದು ಈ ಬೀಗ ಬಿದ್ದ ಎರಡೇ ವರ್ಷಕ್ಕೆ.

ಫ್ರಾನ್ಸಿನ ಎಷ್ಟೋ ಅಪರೂಪದ ಹೆಸರುಗಳು ಹಿಂಗೇ ಹುಟ್ಟಿದ್ದು. ಕಮ್ಮಾರನಿಗೆ ಹಳೇ ಫ್ರೆಂಚಲ್ಲಿ ಫೆವ್ರ್ ಅಂತಿದ್ರು, ಅದರಿಂದ ಲೆಫೆವ್ರ್. ಲ್ಯಾಟಿನ್‌ನ ಫಾಬೆರ್‌ನಿಂದ ಬಂದಿದ್ದು ಅಂತ ತೋರ್ಸಕ್ಕೆ ಓದಿಕೊಂಡ ಬರಹಗಾರರು ನಡುವೆ ಒಂದು ಬಿ ತುರುಕಿದ್ರು, ಅದನ್ನ ಓದೋ ಹಾಗಿಲ್ಲ, ಬರೀ ನೋಡಕ್ಕೆ. ಆಗ ಯು ಮತ್ತೆ ವಿ ಎರಡಕ್ಕೂ ಒಂದೇ ಅಕ್ಷರ ಇತ್ತು. ಮುಂದಿನವರು ಆ ಬಿ-ನ ಓದಿ, ವಿ-ನ ಯು ಅಂದ್ಕೊಂಡು ಲೆಫೆಬ್ಯೂರ್ ಅಂತ ಉಚ್ಚಾರ ಮಾಡಿದ್ರು, ಇವತ್ತು ಅದೇ ಒಂದು ಬೇರೆ ಅಡ್ಡಹೆಸರು! ಇದೇ ಕಮ್ಮಾರ ದಕ್ಷಿಣದ ಲಾಂಗೆದಾಕ್ ಕಡೆ ಫಾಬ್ರ್, ಸವೋಯ್ ಬೆಟ್ಟದಲ್ಲಿ ಫಾವ್ರ್, ಬ್ರಿಟನಿಯಲ್ಲಿ ಲ ಗೋಫ್, ಅಲ್ಸಾಸ್‌ನಲ್ಲಿ ಷ್ಮಿಟ್. ಕಸುಬು ಒಂದೇ. ಹೆಸರು ನೋಡಿ ಅವರ ತಾತ ಯಾವ ಸೀಮೆಯ ಮಾತಾಡ್ತಿದ್ದ ಅಂತ ಹೇಳ್ಬಹುದು.

ಸರಿ, ಅಪರೂಪ ಅಂದ್ರೆ ಎಷ್ಟು ಅಪರೂಪ. ಫ್ರಾನ್ಸಿನಲ್ಲಿ ಇನ್ಸೆ ಅಂತ ಸರ್ಕಾರದ ಅಂಕಿಅಂಶ ಸಂಸ್ಥೆ ಇದೆ, ಅವರು 1891ರಿಂದ 2000ದವರೆಗೆ ಫ್ರಾನ್ಸಿನಲ್ಲಿ ಹುಟ್ಟಿದವರ ಅಡ್ಡಹೆಸರುಗಳ ಒಂದು ಫೈಲ್ ಮಾಡಿದಾರೆ, ಯಾವ ಹೆಸರು ಯಾವ ಜಿಲ್ಲೆಯಲ್ಲಿ ಎಷ್ಟು ಅಂತ. ಎರಡು ಲಕ್ಷಕ್ಕೂ ಹೆಚ್ಚು ಹೆಸರು ಅದರಲ್ಲಿವೆ. ಆದ್ರೆ ಅಷ್ಟು ವರ್ಷದಲ್ಲಿ 30 ಜನರೂ ಇಲ್ಲದ ಹೆಸರುಗಳನ್ನ ಬಿಡಿಬಿಡಿಯಾಗಿ ತೋರ್ಸಲ್ಲ, ಎಲ್ಲ ಒಟ್ಟು ಸೇರಿಸಿ "ಇತರ ಹೆಸರುಗಳು" ಅಂತ ಒಂದೇ ಸಾಲು. ಆ ಸಾಲು ನೋಡಿದಾಗ ನನಗೆ ಬೇಜಾರಾಯ್ತು. ಎಷ್ಟು ಮನೆಗಳು ಅದರೊಳಗೆ. ಇನ್ನೊಂದು ತುದೀಲಿ ಮಾರ್ತಾಂ, ದೇಶದ ನಂಬರ್ ಒನ್ ಅಡ್ಡಹೆಸರು, ಎರಡು ಲಕ್ಷಕ್ಕೂ ಹೆಚ್ಚು ಜನ. ಇದಕ್ಕೆ ಕಾರಣ ಮಾರ್ತಾಂ ಮನೆತನ ದೊಡ್ಡದು ಅಂತಲ್ಲ. ತೂರ್ ಊರಿನ ಸಂತ ಮಾರ್ತಾಂ 4ನೇ ಶತಮಾನದವರು, ಅವರ ಹೆಸರನ್ನ ದೇಶದ ಮೂಲೆಮೂಲೆಯಲ್ಲಿ ಮಕ್ಕಳಿಗೆ ಇಟ್ರು, ಹಾಗಾಗಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಸಾವಿರಾರು ಮನೆಗಳಲ್ಲಿ ಅದು ಬೇರೆಬೇರೆಯಾಗಿ ಅಡ್ಡಹೆಸರಾಯ್ತು. ಅಪರೂಪದ ಹೆಸರು ಅಂದ್ರೆ ಉಲ್ಟಾ, ಒಂದೋ ಎರಡೋ ಮನೆಯಲ್ಲಿ ಮಾತ್ರ ಶುರುವಾಗಿದ್ದು.

ವೈ ಇರೋ ಬಿಯೆನೆಮೆ ಆ ಥರದ್ದು. ಐ ಇರೋ ಬಿಯೆನೆಮೆಗಳು ಸ್ವಲ್ಪ ಜಾಸ್ತಿ ಕಾಣ್ತಾರೆ. ಇಟಲಿಯ ಕರ್ರಾರದಲ್ಲಿ 1795ರಲ್ಲಿ ಹುಟ್ಟಿದ ಶಿಲ್ಪಿ ಲುಯಿಜಿ ಬಿಯೆನೆಮೆ, ರೋಮ್‌ನಲ್ಲಿ ಥೋರ್‌ವಾಲ್ಡ್‌ಸೆನ್ ಜೊತೆ ಕೆಲಸ ಮಾಡಿದವರು. 1912ರಲ್ಲಿ ಊಬಿಗಾಂ ಕಂಪನಿಗೆ ಹೆಸರಾಂತ ಸೆಂಟ್ ಮಾಡಿಕೊಟ್ಟ ರೊಬೇರ್ ಬಿಯೆನೆಮೆ. ಆದ್ರೆ ಈ ಹೆಸರು ನಿಜವಾಗಿ ಹರಡಿಕೊಂಡಿರೋದು ಫ್ರಾನ್ಸಿನಲ್ಲಲ್ಲ, ಸಮುದ್ರದ ಆಚೆ, ಹೈಟಿಯಲ್ಲಿ. ಅಲ್ಲಿ ನಡುವೆ ಒಂದು ಗೀಟು ಹಾಕಿ ಬಿಯೆನ್-ಎಮೆ ಅಂತ ಬರೀತಾರೆ. ಹೈಟಿ ಮೊದಲು ಫ್ರಾನ್ಸಿನ ವಸಾಹತು, ಅಲ್ಲಿ ಗುಲಾಮರಾಗಿದ್ದವರಿಗೆ ಅಡ್ಡಹೆಸರು ಇರ್ಲಿಲ್ಲ, ಕರೆಯೋಕೆ ಒಂದೇ ಹೆಸರು. 1804ರಲ್ಲಿ ಹೈಟಿ ಸ್ವತಂತ್ರ ಆದ್ಮೇಲೆ ಆ ಒಂದೇ ಹೆಸರು ಮಕ್ಕಳ ಕಾಲಕ್ಕೆ ಅಡ್ಡಹೆಸರಾಯ್ತು, ಅದಕ್ಕೇ ಅಲ್ಲಿ ಝಾಂ, ಪಿಯೇರ್, ಝೋಸೆಫ್ ಎಲ್ಲ ಅಡ್ಡಹೆಸರುಗಳು. ಯಾವುದೋ ತಾಯಿ ಅಂಥ ಬದುಕಿನ ನಡುವೆಯೂ ಮಗುನ ಅಚ್ಚುಮೆಚ್ಚಿನವನು ಅಂತ ಕರೆದಿದ್ಳೋ, ಇಲ್ಲಾ ಮಾಲೀಕ ಮನಸ್ಸಿಗೆ ಬಂದಂಗೆ ಇಟ್ಟಿದ್ನೋ, ಒಂದೊಂದು ಮನೆಗೆ ಒಂದೊಂದು ಕಥೆ ಇರುತ್ತೆ.

ಕೆರಿಬಿಯನ್ ಸಮುದ್ರದಲ್ಲಿ ಫ್ರಾನ್ಸಿನ ವಸಾಹತಾಗೇ ಉಳಿದಿದ್ದ ಮಾರ್ಟಿನೀಕ್, ಗ್ವಾದೆಲೂಪ್ ದ್ವೀಪಗಳ ಕಡೆ ನಡೆದಿದ್ದು ಇದಕ್ಕಿಂತ ಬೇರೆ. 1848ರ ಏಪ್ರಿಲ್ 27ಕ್ಕೆ ಫ್ರಾನ್ಸ್ ಗುಲಾಮಗಿರಿ ತೆಗೆದು ಹಾಕ್ತು, ಎಲ್ಲ ವಸಾಹತು ಸೇರಿ ಸುಮಾರು ಎರಡೂವರೆ ಲಕ್ಷ ಜನ ಸ್ವತಂತ್ರರಾದ್ರು. ಪ್ರಜೆ ಅಂದ್ಮೇಲೆ ಅಡ್ಡಹೆಸರು ಬೇಕಲ್ಲ, ಗುಮಾಸ್ತರು ರಿಜಿಸ್ಟರ್ ಹಿಡ್ಕೊಂಡು ಕೂತು ಒಬ್ಬೊಬ್ಬರಿಗೂ ಹೆಸರು ಕೊಡ್ತಾ ಹೋದ್ರು. ಇದ್ದ ಬಿಳಿಯರ ಮನೆತನದ ಹೆಸರು ಕೊಡೋ ಹಾಗಿಲ್ಲ ಅಂತ ಸೂಚನೆ. ಹಾಗಾಗಿ ಗುಮಾಸ್ತರು ಅಕ್ಷರ ಹಿಂದೆಮುಂದೆ ಮಾಡಿ, ಪುರಾಣದಿಂದ, ಗಿಡದ ಹೆಸರಿಂದ, ಊರಿನ ಹೆಸರಿಂದ ಹೊಸಹೊಸದು ಕಟ್ಟಿದ್ರು, ಕೆಲವು ಅವಮಾನ ಮಾಡೋಕೇ ಕೊಟ್ಟ ಹೆಸರು. ಒಂದು ಮನೆಗೆ ಒಂದು ಹೆಸರು, ಬೇರೆಲ್ಲೂ ಇಲ್ಲ. ಫ್ರೆಂಚ್ ಅಪರೂಪದ ಅಡ್ಡಹೆಸರು ಅಂದ ತಕ್ಷಣ ಎಲ್ಲರೂ ಹಳೇ ಕೋಟೆ, ಜಮೀನ್ದಾರರನ್ನ ನೆನೆಸ್ಕೋತಾರೆ, ನನಗೆ ಈ ಮನೆಗಳೇ ಮೊದಲು ನೆನಪಾಗೋದು.

ಈಗ ಲೆಕ್ಕಕ್ಕೆ ಬರ್ತೀನಿ. ಆ ಕಾಲದಲ್ಲಿ ಫ್ರಾನ್ಸಿನ ದೊಡ್ಡ ಮನೆತನಗಳು ಯಾಕೆ ನಶಿಸಿ ಹೋಗ್ತಿವೆ ಅಂತ ಚರ್ಚೆ ಜೋರಾಗಿತ್ತು. ಬೆನ್ವಾಸ್ತೋಂ ದ ಶಾತೊನಫ್ ಅನ್ನೋರು ಕುಲೀನ ಮನೆತನಗಳು ಎಷ್ಟು ಕಾಲ ಬಾಳ್ತವೆ ಅಂತ ಲೆಕ್ಕ ಹಾಕ್ತಿದ್ರು. ಬಿಯೆನೆಮೆ ಅದನ್ನ ಗಣಿತವಾಗಿ ನೋಡಿ 1845ರಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದ್ರು. ಹೇಳಿದ್ದು ಇಷ್ಟೇ, ಒಬ್ಬ ಗಂಡಸಿಗೆ ಸರಾಸರಿ ಒಬ್ಬ ಗಂಡುಮಗನೋ ಅದಕ್ಕಿಂತ ಕಮ್ಮಿನೋ ಆದ್ರೆ ಅವನ ಹೆಸರು ಒಂದಲ್ಲ ಒಂದು ದಿನ ಅಳಿಯೋದು ಖಂಡಿತ, ಸರಾಸರಿ ಒಂದು ದಾಟಿದ್ರೆ ಉಳಿಯೋ ಅವಕಾಶ ಇದೆ, ಆದ್ರೆ ಆಗ್ಲೂ ಅಳಿಯೋ ಅಪಾಯ ಪೂರ್ತಿ ಹೋಗಲ್ಲ.

ಸರಾಸರಿ ಒಂದು ಇದ್ರೂ ಅಳಿಯುತ್ತೆ ಅನ್ನೋದನ್ನ ನನ್ನ ವಿದ್ಯಾರ್ಥಿಗಳು ಯಾರೂ ಮೊದಲ್ನೇ ಸಲ ನಂಬಲ್ಲ. ಮನೆಯಲ್ಲೂ ನಂಬಲಿಲ್ಲ, ಅದಕ್ಕೆ ಒಂದು ಭಾನುವಾರ ಮಕ್ಕಳ ಜೊತೆ ಕೂತು ಆಡಿ ನೋಡಿದ್ವಿ. 20 ಚೀಟಿ, ಒಂದೊಂದರ ಮೇಲೆ ಒಂದೊಂದು ಫ್ರೆಂಚ್ ಅಡ್ಡಹೆಸರು, ಒಂದೊಂದು ಹೆಸರಿಗೂ ಒಬ್ಬನೇ ಗಂಡಸು. ಪ್ರತಿಯೊಬ್ಬನಿಗೂ ಎರಡು ನಾಣ್ಯ ಚಿಮ್ಮೋದು, ಎಷ್ಟು ತಲೆ ಬೀಳುತ್ತೋ ಅಷ್ಟು ಗಂಡುಮಕ್ಕಳು. ಸರಾಸರಿ ಸರಿಯಾಗಿ ಒಂದು. ನಾಲ್ಕರಲ್ಲಿ ಒಂದು ಸಲ ಎರಡೂ ನಾಣ್ಯ ಬೋರಲು ಬಿದ್ದು ಆ ಮನೆ ಮೊದಲ್ನೇ ತಲೆಮಾರಲ್ಲೇ ಮುಗಿಯುತ್ತೆ. ಹೀಗೆ ಲೆಕ್ಕ ಹಾಕ್ತಾ ಹೋದ್ರೆ ಎರಡನೇ ತಲೆಮಾರಿಗೆ 39%, ಐದನೇದಕ್ಕೆ 60%, ಹತ್ತನೇದಕ್ಕೆ 74% ಹೆಸರುಗಳು ಹೋಗಿರ್ತವೆ. ನಮ್ಮ ಆಟದಲ್ಲಿ ಐದನೇ ತಲೆಮಾರಿಗೆ 7 ಚೀಟಿ ಉಳಿದಿದ್ವು, ಲೆಕ್ಕದ ಪ್ರಕಾರ 8 ಇರ್ಬೇಕಿತ್ತು. ಒಟ್ಟು ಗಂಡಸರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು, ಆದ್ರೆ ಒಂದು ಚೀಟಿಯ ಹೆಸರಲ್ಲೇ 6 ಜನ. ಯಾರೂ ಯಾರನ್ನೂ ಸೋಲಿಸಿಲ್ಲ, ಯಾರ ವಂಶಕ್ಕೂ ಶಾಪ ಇಲ್ಲ, ನಾಣ್ಯ ಬಿದ್ದಿದ್ದೇ ಹಾಗೆ. ವೈ ಇರೋ ಬಿಯೆನೆಮೆ ಚೀಟಿ ಮೂರನೇ ತಲೆಮಾರಲ್ಲೇ ಹೋಗಿತ್ತು.

ಬೆಳೀತಾ ಇರೋ ಊರಿನ ಲೆಕ್ಕ ಇನ್ನೂ ಯೋಚ್ನೆಗೆ ಹಚ್ಚುತ್ತೆ. ಕಾಲು ಭಾಗ ಜನಕ್ಕೆ ಗಂಡುಮಗ ಇಲ್ಲ, ಕಾಲು ಭಾಗಕ್ಕೆ ಒಬ್ಬ, ಅರ್ಧ ಜನಕ್ಕೆ ಇಬ್ರು ಅಂತಿಟ್ಕೊಳ್ಳಿ. ಸರಾಸರಿ ಒಂದೂಕಾಲು. ಆಗ್ಲೂ ಒಬ್ಬನಿಂದ ಶುರುವಾದ ಹೆಸರು ಅಳಿಯೋ ಸಾಧ್ಯತೆ ಸರಿಯಾಗಿ ಅರ್ಧ. ಅದೇ ಹೆಸರಿನ 10 ಜನ ಇದ್ರೆ ಎಲ್ಲರ ದಾರಿನೂ ಮುಚ್ಚೋ ಸಾಧ್ಯತೆ 1024ರಲ್ಲಿ ಒಂದು. ಮಾರ್ತಾಂ ಯಾಕೆ ಉಳೀತು, ಒಂದೇ ಮನೆಯ ಹೆಸರು ಯಾಕೆ ಹೋಗುತ್ತೆ ಅನ್ನೋದು ಇಷ್ಟರಲ್ಲೇ ಇದೆ.

ಇಷ್ಟು ದೊಡ್ಡ ವಿಷಯ ಹೇಳಿದ ಟಿಪ್ಪಣಿನ ಜನ ಮರೆತೇಬಿಟ್ರು. 1873ರಲ್ಲಿ ಇಂಗ್ಲೆಂಡಲ್ಲಿ ಫ್ರಾನ್ಸಿಸ್ ಗಾಲ್ಟನ್ ಇದೇ ಪ್ರಶ್ನೆನ ಹೊಸದಾಗಿ ಕೇಳಿದ್ರು, ವಾಟ್ಸನ್ ಅನ್ನೋ ಪಾದ್ರಿ ಬಿಡಿಸಿದ್ರು, ಆದ್ರೆ ತಪ್ಪಾಗಿ, ಎಲ್ಲ ಹೆಸರೂ ಅಳಿಯೋದು ಖಂಡಿತ ಅಂದ್ಬಿಟ್ರು, ಅಳಿಯೋ ಸಾಧ್ಯತೆ ಕಂಡುಹಿಡಿಯೋ ಸಮೀಕರಣಕ್ಕೆ ಇನ್ನೊಂದು ಉತ್ತರನೂ ಇರ್ಬಹುದು ಅನ್ನೋದು ಅವರ ಕಣ್ಣಿಗೆ ಬೀಳ್ಲಿಲ್ಲ. 28 ವರ್ಷ ಮುಂಚೆನೇ ಬಿಯೆನೆಮೆ ಸರಿಯಾಗಿ ಹೇಳಿದ್ರು. ಆದ್ರೂ ನೂರು ವರ್ಷ ಅದು ಗಾಲ್ಟನ್-ವಾಟ್ಸನ್ ಅಂತಲೇ ಹೆಸರಾಯ್ತು, 1972ರಲ್ಲಿ ಹೈಡ್ ಮತ್ತೆ ಸೆನೆಟಾ ಅನ್ನೋ ಇಬ್ರು ಆ ಹಳೇ ಟಿಪ್ಪಣಿನ ಬೆಳಕಿಗೆ ತಂದ್ಮೇಲೆ ಈಗ ಬಿಯೆನೆಮೆ-ಗಾಲ್ಟನ್-ವಾಟ್ಸನ್ ಅಂತಾರೆ. ಚೆಬಿಶೆವ್ ವಿಷಯದಲ್ಲೂ ಅಷ್ಟೇ, ಬಿಯೆನೆಮೆ 1853ರಲ್ಲೇ ಬರೆದಿದ್ದು, ಚೆಬಿಶೆವ್ 1867ರಲ್ಲಿ. ಅವರಿಬ್ರೂ ಸ್ನೇಹಿತರು, ಚೆಬಿಶೆವ್ ಸ್ವತಃ ಮೊದಲು ದಾರಿ ತೋರ್ಸಿದ್ದು ಬಿಯೆನೆಮೆ ಅಂತ ಒಪ್ಪಿಕೊಂಡಿದ್ರು, ನಮ್ಮ ಪಠ್ಯಪುಸ್ತಕಗಳೇ ಬಿಟ್ಟಿದ್ದು. ಈಗ ನಾನು ಬೋರ್ಡ್ ಮೇಲೆ ಎರಡೂ ಹೆಸರು ಬರೀತೀನಿ.

ಇನ್ನೊಂದು ವಿಷಯ ಹೇಳದೇ ಇರಕ್ಕಾಗಲ್ಲ. ಪ್ಯಾರಿಸ್‌ನ ಹುಟ್ಟು ಸಾವು ಮದುವೆ ದಾಖಲೆಗಳ ಎರಡು ಪ್ರತಿ ಇದ್ವು ಅಂದ್ನಲ್ಲ, ಒಂದು ನಗರಸಭೆ ಕಟ್ಟಡದ ಕಡೆ, ಇನ್ನೊಂದು ಕೋರ್ಟ್ ಕಟ್ಟಡದಲ್ಲಿ. 1871ರ ಮೇ ತಿಂಗಳಲ್ಲಿ ಊರಿನ ಜನ ಸರ್ಕಾರದ ವಿರುದ್ಧ ಎದ್ದ ಪ್ಯಾರಿಸ್ ಕಮ್ಯೂನ್ ಗಲಾಟೆಯಲ್ಲಿ ಎರಡೂ ಕಡೆ ಬೆಂಕಿ ಬಿದ್ದು 1860ಕ್ಕಿಂತ ಹಿಂದಿನ ಸುಮಾರು 80 ಲಕ್ಷ ದಾಖಲೆ ಸುಟ್ಟುಹೋಯ್ತು. ಮನೆಮನೆಯಲ್ಲಿದ್ದ ಕಾಗದ, ಚರ್ಚಿನ ರಿಜಿಸ್ಟರ್ ಎಲ್ಲ ಸೇರಿಸಿ ಮೂರರಲ್ಲಿ ಒಂದು ಭಾಗ ಮಾತ್ರ ಮತ್ತೆ ಬರೆದ್ರು. ಬಿಯೆನೆಮೆ ಆಗ 74 ವರ್ಷದವರು.

ಹೆಸರು ಉಳಿಸಬೇಕು ಅಂತ ಫ್ರಾನ್ಸ್ ಕಾನೂನು ಮಾಡಿದ್ದು ಮೊದಲ್ನೇ ಮಹಾಯುದ್ಧ ಆದ್ಮೇಲೆ. 13 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ರು, ಎಷ್ಟೋ ಮನೆಯ ಕೊನೇ ಗಂಡುಮಗ. 1923ರ ಜುಲೈ 2ರ ಕಾನೂನು, ದೇಶಕ್ಕಾಗಿ ಸತ್ತವನ ಹೆಸರನ್ನ ಹತ್ತಿರದ ಸಂಬಂಧಿ ತನ್ನ ಹೆಸರಿನ ಜೊತೆ ಸೇರಿಸ್ಕೋಬಹುದು ಅಂತ. ಈಗಿನ ಸಿವಿಲ್ ಕೋಡ್‌ನ 61ನೇ ವಿಧಿ ಪ್ರಕಾರ ಅಳಿದು ಹೋಗ್ತಿರೋ ಪೂರ್ವಜರ ಹೆಸರು ಉಳಿಸೋಕೆ ಯಾರು ಬೇಕಾದ್ರೂ ಹೆಸರು ಬದಲಾಯಿಸೋಕೆ ಅರ್ಜಿ ಹಾಕ್ಬಹುದು, ಸಂಬಂಧ ನಾಲ್ಕನೇ ಡಿಗ್ರಿ ಒಳಗಿರ್ಬೇಕು, ಅಂದ್ರೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಷ್ಟಾದ್ರೂ ಹತ್ತಿರ.

ಆದ್ರೆ ನಿಜವಾದ ಬದಲಾವಣೆ ಬಂದಿದ್ದು 2005ರ ಜನವರಿ 1ಕ್ಕೆ. ಆವತ್ತಿಂದ ಅಪ್ಪಅಮ್ಮ ಮಗುಗೆ ಅಪ್ಪನ ಹೆಸರಾದ್ರೂ ಕೊಡ್ಬಹುದು, ಅಮ್ಮನ ಹೆಸರಾದ್ರೂ ಕೊಡ್ಬಹುದು, ಎರಡೂ ಸೇರಿಸಿನೂ ಕೊಡ್ಬಹುದು. 2022ರ ಜುಲೈಯಿಂದ 18 ತುಂಬಿದವರು ಮುನಿಸಿಪಾಲಿಟಿಗೆ ಹೋಗಿ ಒಂದು ಫಾರ್ಮ್ ತುಂಬಿ ಅಮ್ಮನ ಹೆಸರು ತಗೋಬಹುದು, ಒಂದು ತಿಂಗಳು ಬಿಟ್ಟು ಖುದ್ದಾಗಿ ಬಂದು ಹೂಂ ಅನ್ಬೇಕು ಅಷ್ಟೇ. ಬಿಯೆನೆಮೆ ಗಂಡುಮಕ್ಕಳನ್ನ ಮಾತ್ರ ಎಣಿಸಿದ್ರು, ಆಗಿನ ಕಾನೂನೇ ಹಾಗಿತ್ತು.

"ಹಂಗಾದ್ರೆ ಹುಡ್ಗೀರಿಗೂ ನಾಣ್ಯ ಹಾಕೋಣ" ಅಂದ್ಳು ದೊಡ್ಡವಳು. ನಾನು ಸ್ವಲ್ಪ ಯೋಚ್ನೆ ಮಾಡಿ ಹೇಳಿದೆ, ಜನಸಂಖ್ಯೆ ಹೆಚ್ಚಾಗದೇ ಇದ್ದು, ಮಗುಗೆ ಅಪ್ಪನ ಹೆಸರೋ ಅಮ್ಮನ ಹೆಸರೋ ಅಂತ ಸುಮ್ನೆ ನಾಣ್ಯ ಹಾಕಿ ನಿರ್ಧಾರ ಮಾಡಿದ್ರೆ ಸರಾಸರಿ ಮತ್ತೆ ಒಂದೇ ಆಗುತ್ತೆ ಕಣಮ್ಮ, ಹೆಸರುಗಳು ಅಳೀತಾನೇ ಇರ್ತವೆ. ಕಾನೂನು ಬಾಗಿಲು ತೆಗೆದಿದೆ ಅಷ್ಟೇ, ಯಾವ ಹೆಸರು ಕಮ್ಮಿ ಇದೆ ಅಂತ ನೋಡಿ ಜನ ಅದನ್ನ ಆರಿಸ್ಕೊಂಡ್ರೆ ಮಾತ್ರ ಲೆಕ್ಕ ತಿರುಗುತ್ತೆ ಅಂತ.

ಮತ್ತೆ 20 ಚೀಟಿ ಹರಡಿದ್ವಿ, ಈ ಸಲ ಹೆಣ್ಣುಮಕ್ಕಳನ್ನೂ ಸೇರಿಸಿ. ನಾಲ್ಕನೇ ತಲೆಮಾರಿಗೆ ವೈ ಇರೋ ಬಿಯೆನೆಮೆ ಹೆಸರಲ್ಲಿ ಒಬ್ಬಳೇ ಹುಡುಗಿ ಉಳಿದಿದ್ಳು, ಅವಳ ಜೋಡಿ ಬಂದಿದ್ದು ಮಾರ್ತಾಂ. ಅವರ ಮಗುವಿನ ಹೆಸರಿಗೆ ನಾಣ್ಯ ಹಾಕಕ್ಕೆ ನಾನು ಕೈ ಎತ್ತಿದೆ. ಚಿಕ್ಕವಳು ನನ್ನ ಕೈ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಪೆನ್ಸಿಲ್ ತಗೊಂಡು ಖಾಲಿ ಚೀಟಿ ಮೇಲೆ ಬಿಯೆನೆಮೆ ಅಂತ ಬರೆದ್ಳು, ವೈ ಅಕ್ಷರದ ಬಾಲ ಉದ್ದ ಎಳೆದು.